ಕಾಗಿಣಾ ಏರುವ ಮುನ್ನ

2020ರ ಅಕ್ಟೋಬರ್ 13ರ ಬೆಳಗ್ಗೆ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಒಂದು ತೀವ್ರ ವಾಯುಭಾರ ಕುಸಿತ ಆಂಧ್ರದ ಕಾಕಿನಾಡದ ಬಳಿ ನೆಲ ಮುಟ್ಟಿತು. ಅಲ್ಲಿಂದ ಪಶ್ಚಿಮಕ್ಕೆ, ಹೆಚ್ಚುಕಡಿಮೆ ಅದೇ ಅಕ್ಷಾಂಶದ ಮೇಲೆ 500 ಕಿಲೋಮೀಟರ್ ದೂರದಲ್ಲಿ ಕಲಬುರಗಿ ಜಿಲ್ಲೆಯ ನಮ್ಮ ಸೇಡಂ ಇದೆ. ಸಾಮಾನ್ಯವಾಗಿ ಇಂಥ ಸುಳಿಗಳು ಸಮುದ್ರದ ಆಸರೆ ತಪ್ಪಿದ ಮೇಲೆ ಒಳನಾಡಿನಲ್ಲಿ ಬೇಗ ಸೊರಗುತ್ತವೆ. ಇದು ದುರ್ಬಲಗೊಂಡರೂ ಕರಗಿಹೋಗಲಿಲ್ಲ. ಹೈದರಾಬಾದನ್ನು ಮುಳುಗಿಸಿ, ವಿಕಾರಾಬಾದ್, ತಾಂಡೂರಿನ ಗುಡ್ಡಗಳನ್ನು ತೋಯಿಸಿ, ಚಿಂಚೋಳಿ, ಸೇಡಂ, ಚಿತ್ತಾಪುರಗಳ ಮೇಲೆ ಸುರಿದು, ಮಹಾರಾಷ್ಟ್ರವನ್ನು ದಾಟಿ ಅರಬ್ಬಿ ಸಮುದ್ರಕ್ಕೆ ಹೋಯಿತು. ಕಾಗಿಣಾ ನದಿ ದಂಡೆ ಮೀರಿತು, ಮಳಖೇಡದಲ್ಲಿ ನೀರು ಸೇತುವೆಯ ಮೇಲೆ ಹರಿಯಿತು. ಮಹಾರಾಷ್ಟ್ರದಲ್ಲಿ ಬಿದ್ದ ಮಳೆ ಭೀಮೆಗೆ ಇಳಿದು, ಕೆಲವು ದಿನ ತಡವಾಗಿ ಅದೇ ಜಿಲ್ಲೆಗೆ ಎರಡನೆಯ ಪ್ರವಾಹವಾಗಿ ಬಂತು. ಒಂದೇ ಮೋಡದ ಮಳೆ, ಎರಡು ನದಿ, ಎರಡು ಬೇರೆ ಬೇರೆ ವೇಳೆ.

ಹವಾಮಾನ ಇಲಾಖೆ ಆ ಕುಸಿತವನ್ನು ದಡ ಮುಟ್ಟುವ ಮೊದಲಿನಿಂದಲೇ ಹಿಂಬಾಲಿಸುತ್ತಿತ್ತು. ಅದು ಕಾಕಿನಾಡ ತಲುಪಿದಾಗ ಕಾಗಿಣಾ ತೀರದ ಜನರ ಕೈಯಲ್ಲಿ ಇನ್ನೂ ಹೊತ್ತಿತ್ತು, ಭೀಮಾ ತೀರದವರ ಕೈಯಲ್ಲಿ ಅದಕ್ಕಿಂತ ಹೆಚ್ಚಿನ ಹೊತ್ತಿತ್ತು. ವಿಪತ್ತು ನಿರ್ವಹಣೆಯ ಯೋಜನೆ ಎಂದರೆ ನನ್ನ ಪಾಲಿಗೆ ಇಷ್ಟೆ: ಅಪಾಯದ ಸುಳಿವು ಸಿಕ್ಕ ಗಳಿಗೆಗೂ ಅದು ಬಾಗಿಲಿಗೆ ಬರುವ ಗಳಿಗೆಗೂ ನಡುವೆ ಎಷ್ಟು ಹೊತ್ತಿದೆ, ಆ ಹೊತ್ತಿನಲ್ಲಿ ಯಾರು ಏನು ಮಾಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಈ ಹೊತ್ತು ಅಪಾಯದಿಂದ ಅಪಾಯಕ್ಕೆ, ಊರಿಂದ ಊರಿಗೆ ಬದಲಾಗುತ್ತದೆ. ಜಿಲ್ಲಾ ಕಚೇರಿಯಲ್ಲಿ ಕೂತು ಇಡೀ ಕಲಬುರಗಿಗೆ ಬರೆದ ಒಂದೇ ಕಡತ ಇದನ್ನು ಹಿಡಿಯಲಾರದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಊರುಗಳನ್ನು ಒಂದೇ ಪಟ್ಟಿಯಲ್ಲಿ ಇಡುವಂತೆ ಮಾಡಿರುವುದು ಅವುಗಳ ಕಾಲಡಿಯ ಕಲ್ಲು. ಭೂಮಿಯ ಮೇಲೆ ಪ್ರಾಣಿಗಳೇ ಇನ್ನೂ ಕಾಣಿಸಿಕೊಂಡಿರದ ಕಾಲದಲ್ಲಿ ಇಲ್ಲೊಂದು ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರೇ ಇಂದಿನ ಸುಣ್ಣಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಶಿಲೆ ಎನ್ನುತ್ತಾರೆ, ದೇಶದ ಅರ್ಧ ಭಾಗ ‘ಶಹಾಬಾದ್ ಕಲ್ಲು’ ಎಂದು ಕರೆದು ಮನೆಗೆ ಹಾಸಿಕೊಂಡಿದೆ. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಸಾಲುಗಟ್ಟಿದ್ದು ಈ ಕಲ್ಲಿಗಾಗಿಯೇ. ಉತ್ತರಕ್ಕೆ, ಚಿಂಚೋಳಿಯ ಕಡೆ, ಈ ಕಲ್ಲಿನ ಮೇಲೆ ಜ್ವಾಲಾಮುಖಿಯ ಕಪ್ಪು ಶಿಲೆ ಹೊದೆದಿದೆ, ಕೊಂಚಾವರಂ ಗುಡ್ಡಗಳ ಮೇಲೆ ಕೆಂಪು ಜಂಬಿಟ್ಟಿಗೆ. ಇವೆಲ್ಲದರ ಮೇಲೆ, ಬಯಲಲ್ಲಿ, ಎರೆ ಮಣ್ಣು. ಪ್ರವಾಹದ ಕತೆ ಶುರುವಾಗುವುದು ಈ ಎರೆ ಮಣ್ಣಿನಲ್ಲಿ.

ಎರೆ ಮಣ್ಣಿನ ಜೇಡಿ ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬ್ಯಾಸಗಿಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಅಗಲದ, ಅಡಿಗಟ್ಟಲೆ ಆಳದ ಬಿರುಕು ಬಿಡುವುದು ಇದರಿಂದಲೇ. ಜೂನ್ ತಿಂಗಳ ಮೊದಲ ಮಳೆ ಎಷ್ಟು ಜೋರಾಗಿ ಬಂದರೂ ಬಹುಪಾಲು ನೀರು ಈ ಬಿರುಕುಗಳಿಗೆ ಇಳಿದುಹೋಗುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿರುತ್ತದೆ, ಆಗ ಗಂಟೆಗೆ ಕೆಲವೇ ಮಿಲಿಮೀಟರ್ ನೀರು ಕೆಳಗಿಳಿಯುತ್ತದೆ. ಉಳಿದದ್ದು ಹಳ್ಳಕ್ಕೆ. ಜಲವಿಜ್ಞಾನಿಗಳು ದಶಕಗಳಿಂದ ಬಳಸುತ್ತಿರುವ ಒಂದು ಲೆಕ್ಕಾಚಾರ ಇದೆ, ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ರೂಪಿಸಿದ್ದು. ಅದನ್ನು ಎರೆ ನೆಲಕ್ಕೆ ಅನ್ವಯಿಸಿ ನೋಡಿದೆ. ಒಣಗಿದ ನೆಲದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 33 ಮಿಲಿಮೀಟರ್ ಹರಿದುಹೋಗುತ್ತದೆ. ಅದೇ ಮಳೆ ಮೊದಲೇ ನೆನೆದ ನೆಲದ ಮೇಲೆ ಬಿದ್ದರೆ ಹರಿಯುವುದು 80 ಮಿಲಿಮೀಟರ್. ಬರೀ 100 ಚದರ ಕಿಲೋಮೀಟರ್ ಹೊಲವನ್ನು ಲೆಕ್ಕಕ್ಕೆ ಹಿಡಿದರೂ ಈ ಎರಡರ ನಡುವಿನ ವ್ಯತ್ಯಾಸ ಹತ್ತಿರಹತ್ತಿರ 500 ಕೋಟಿ ಲೀಟರ್.

ಅಂದರೆ ‘ಇವತ್ತು ಭಾರಿ ಮಳೆ’ ಎಂಬ ಒಂದೇ ಮುನ್ಸೂಚನೆಗೆ ಜೂನ್‌ನಲ್ಲಿ ಒಂದು ಅರ್ಥ, ಅಕ್ಟೋಬರ್‌ನಲ್ಲಿ ಇನ್ನೊಂದು. ಇಲ್ಲಿನ ದೊಡ್ಡ ನೆರೆಗಳು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬರುವುದಕ್ಕೆ ಬಂಗಾಳ ಕೊಲ್ಲಿಯ ಸುಳಿಗಳು ಎಷ್ಟು ಕಾರಣವೋ ನೆನೆದ ಎರೆ ಮಣ್ಣೂ ಅಷ್ಟೇ ಕಾರಣ. ಹಿರಿಯ ರೈತರಿಗೆ ಇದು ಹೊಸ ಸಂಗತಿಯಲ್ಲ. ‘ನೆಲ ಉಂಡು ತೇಗ್ಯದ, ಇನ್ನ ಬಿದ್ದಿದ್ದೆಲ್ಲಾ ಹಳ್ಳಕ್ಕೇ’ ಎಂದು ಹೇಳಬಲ್ಲವರು ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ. ಅವರ ಈ ತಿಳಿವಳಿಕೆಯ ಪಕ್ಕದಲ್ಲೇ ಮಳೆಯ ಅಳತೆಯನ್ನೂ ಇಡಲು ಈಗ ಸಾಧ್ಯವಿದೆ. ಕರ್ನಾಟಕ 1988ರಲ್ಲೇ ಬರ ನಿಗಾ ಘಟಕವೊಂದನ್ನು ಕಟ್ಟಿತು, ದೇಶದಲ್ಲಿ ಅಂಥದು ಮೊದಲನೆಯದು. ಅದು ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಸ್ವಯಂಚಾಲಿತ ಮಳೆಮಾಪಕಗಳಿವೆ. ಹೋದ ಐದು ದಿನ ನಮ್ಮೂರಲ್ಲಿ ಎಷ್ಟು ಸುರಿದಿದೆ ಎಂಬ ಅಂಕಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ದಿನವೂ ಬರೆದಿಟ್ಟರೆ ನೆಲ ಎಷ್ಟು ಉಂಡಿದೆ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಇದಕ್ಕೆ ಸುಣ್ಣದ ತುಂಡೊಂದು ಸಾಕು.

ಕಾಗಿಣಾ ಹುಟ್ಟುವುದು ತೆಲಂಗಾಣದಲ್ಲಿ, ವಿಕಾರಾಬಾದಿನ ಅನಂತಗಿರಿ ಗುಡ್ಡಗಳಲ್ಲಿ. ತಾಂಡೂರನ್ನು ಹಾದು ಸೇಡಂ ತಾಲ್ಲೂಕಿಗೆ ಬರುತ್ತದೆ. ಬೀದರ್ ಜಿಲ್ಲೆಯ ಕಡೆಯಿಂದ ಇಳಿದು ಚಿಂಚೋಳಿಯನ್ನು ಹಾಯುವ ಮುಲ್ಲಾಮಾರಿ ಇದನ್ನು ಸೇರುತ್ತದೆ. ಮಳಖೇಡದ ಸನಿಹ ಬೆಣ್ಣೆತೊರಾ ಕೂಡುತ್ತದೆ. ಮುಂದೆ ಚಿತ್ತಾಪುರ ತಾಲ್ಲೂಕಿನ ದಂಡೋತಿಯನ್ನು ದಾಟಿ, ಶಹಾಬಾದ್ ಬಳಿಯ ಹೊನಗುಂಟಾದಲ್ಲಿ ಭೀಮೆಯ ಮಡಿಲಿಗೆ ಬೀಳುತ್ತದೆ. ಮುಲ್ಲಾಮಾರಿಗೆ ನಾಗರಾಳದಲ್ಲಿ, ಬೆಣ್ಣೆತೊರಾಕ್ಕೆ ಹೇರೂರಿನಲ್ಲಿ ಅಣೆಕಟ್ಟುಗಳಿವೆ, ಚಿಂಚೋಳಿಯ ಕಾಡಿನಂಚಿಗೆ ಚಂದ್ರಂಪಳ್ಳಿ ಜಲಾಶಯವಿದೆ. ಈ ಜಲಾಶಯಗಳು ಮಧ್ಯಮ ಗಾತ್ರದವು. ಮಳೆಗಾಲದ ಕೊನೆಗೆ ತುಂಬಿರುತ್ತವೆ. ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಗೇಟು ಎತ್ತುವ ಹೊತ್ತು ಕೆಳಗಿನ ಊರಿಗೆ ಮುಟ್ಟದಿದ್ದರೆ, ಮೇಲೆ ಮಳೆ ನಿಂತು ಬಿಸಿಲು ಬಿದ್ದ ದಿನವೂ ಕೆಳಗಿನವರು ನೀರಿನಲ್ಲಿ ಸಿಕ್ಕಿಬೀಳಬಹುದು.

ಕೇಂದ್ರ ಜಲ ಆಯೋಗ ಕಾಗಿಣಾದ ಮೇಲೆ ಎರಡು ಕಡೆ ಅಳತೆ ಮಾಡುತ್ತದೆ. ತಾಂಡೂರಿನ ಕೆಳಗಿನ ಜೀವಂಗಿಯಲ್ಲೊಂದು, ಮಳಖೇಡದಲ್ಲೊಂದು. ಜೀವಂಗಿಯಲ್ಲಿ ನೀರು ಏರಿದ ವೇಳೆಗೂ ಮಳಖೇಡದಲ್ಲಿ ಏರಿದ ವೇಳೆಗೂ ಇರುವ ಅಂತರವೇ ಸೇಡಂ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ಸಿಗುವ ಹೊತ್ತು. ಅದು ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ನಡುವೆ ಮುಲ್ಲಾಮಾರಿಯೂ ಏರಿದ್ದರೆ ಇನ್ನೂ ಕಡಿಮೆ. ನದಿಗೆ ರಾಜ್ಯದ ಗಡಿ ಇಲ್ಲ, ಫೋನ್ ಕರೆಗೆ ಮಾತ್ರ ಯಾಕಿರಬೇಕು? ತಾಂಡೂರಿನ ತಹಶೀಲ್ದಾರರ ಕಚೇರಿಯಿಂದ ಸೇಡಂ ತಹಶೀಲ್ದಾರರಿಗೆ, ಅಲ್ಲಿಂದ ನೇರವಾಗಿ ನದಿದಂಡೆಯ ಪಂಚಾಯಿತಿಗಳಿಗೆ ಸುದ್ದಿ ಇಳಿಯುವ ಸರಪಳಿ ಬೇಕು. ಹೈದರಾಬಾದಿನಿಂದ ಬೆಂಗಳೂರಿಗೆ, ಬೆಂಗಳೂರಿಂದ ಕಲಬುರಗಿಗೆ ಸುತ್ತಿಬರುವ ಸುದ್ದಿಗಿಂತ ಕಾಗಿಣಾ ಬೇಗ ಬರುತ್ತದೆ.

ಮಳಖೇಡ ಸಾವಿರದ ಇನ್ನೂರು ವರ್ಷಗಳ ಹಿಂದೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಜಯತೀರ್ಥರ ವೃಂದಾವನವಿರುವ ಉತ್ತರಾದಿ ಮಠ ನದಿಯ ಅಂಚಿಗೇ ಇದೆ, ದೊಡ್ಡ ನೆರೆಯಲ್ಲಿ ನೀರು ಒಳಗೆ ಬರುತ್ತದೆ. ಇಷ್ಟು ಹಳೆಯ ಊರಿನಲ್ಲಿ ನೀರು ಯಾವ ಯಾವ ಕಾಲಕ್ಕೆ ಎಲ್ಲಿಯವರೆಗೆ ಬಂದಿತ್ತು ಎಂಬ ನೆನಪುಗಳಿಗೆ ಕೊರತೆಯಿಲ್ಲ. ಅದನ್ನು ಕಲ್ಲಿಗೆ ಇಳಿಸಬೇಕು. 2020ರ ನೀರು ಮುಟ್ಟಿದ ಮಟ್ಟವನ್ನು ಶಾಲೆಯ ಗೋಡೆ, ಗುಡಿಯ ಕಂಬ, ದರ್ಗಾದ ಮೆಟ್ಟಿಲು, ವಿದ್ಯುತ್ ಕಂಬಗಳ ಮೇಲೆ ಬಣ್ಣದಲ್ಲಿ ಗುರುತಿಸಿದರೆ ಅದೇ ಊರಿನ ಅತಿ ಉಪಯುಕ್ತ ಭೂಪಟ. ಮಳಖೇಡದ ಮಾಪಕದಲ್ಲಿ ಇಷ್ಟು ಮೀಟರ್ ಆದಾಗ ನಮ್ಮ ಊರಿನ ಯಾವ ಓಣಿಗೆ ನೀರು ಬರುತ್ತದೆ ಎಂದು ಆ ಗುರುತುಗಳಿಂದ ಜೋಡಿಸಬಹುದು. ಆಗ ‘ನದಿಪಾತ್ರದ ಜನರು ಎಚ್ಚರಿಕೆಯಿಂದಿರಬೇಕು’ ಎಂಬ ಎಲ್ಲರಿಗೂ ಸಲ್ಲುವ, ಯಾರನ್ನೂ ಎಬ್ಬಿಸದ ಪ್ರಕಟಣೆಯ ಬದಲು, ‘ಕೆಳಗಿನ ಓಣಿಯ ಮಂದಿ ಸಂಜೆ ಆರರೊಳಗೆ ಶಾಲೆಗೆ ಬರ್ರಿ’ ಎಂದು ಗುಡಿಯ ಮೈಕಿನಲ್ಲೂ ಮಸೀದಿಯ ಮೈಕಿನಲ್ಲೂ ಕೂಗಬಹುದು. ಈ ಎರಡು ಮಾತುಗಳ ನಡುವಿನ ದೂರವನ್ನು ಕ್ರಮಿಸುವುದೇ ಯೋಜನೆಯ ಮುಖ್ಯ ಕೆಲಸ ಎಂದು ನಾನು ನಂಬುತ್ತೇನೆ.

ದಂಡೋತಿಯ ಸೇತುವೆ ಮುಳುಗಿದರೆ ಚಿತ್ತಾಪುರಕ್ಕೆ ಹೋಗಿಬರುವ ದಾರಿ ಕಡಿಯುತ್ತದೆ. ಹೆರಿಗೆಗೆ ದಿನ ಹತ್ತಿರವಾದ ಹೆಣ್ಣುಮಗಳು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಬೇಕಾದವರು, ಇನ್ಸುಲಿನ್ ಮುಗಿಯುತ್ತ ಬಂದವರು ಅಂಥ ದಿನಗಳಲ್ಲಿ ನದಿಯ ಯಾವ ದಂಡೆಯಲ್ಲಿದ್ದಾರೆ ಎಂಬುದು ಜೀವದ ಪ್ರಶ್ನೆ. ಇಂಥವರ ಪಟ್ಟಿ ಜಿಲ್ಲಾಧಿಕಾರಿಯ ಬಳಿ ಇರಲಾರದು, ಆಶಾ ಕಾರ್ಯಕರ್ತೆಯ ವಹಿಯಲ್ಲಿ ಇರುತ್ತದೆ. ಆಕೆಯನ್ನು ಯೋಜನೆಯ ಕೊನೆಗೆ ಆದೇಶ ಪಾಲಿಸುವವಳಾಗಿ ಕರೆಯುವ ಬದಲು ಮೊದಲ ಸಭೆಯಲ್ಲೇ ಕೂರಿಸಬೇಕು.

ಭೀಮೆಯ ನಡೆ ಬೇರೆ. ಪುಣೆ, ಸೊಲ್ಲಾಪುರ ಜಿಲ್ಲೆಗಳ ನೀರು ಉಜನಿ ಜಲಾಶಯ ಮತ್ತು ಸೀನಾ ನದಿಯಿಂದ ಇಳಿದು, ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ದಾಟಿ, ದೇವಲ ಗಾಣಗಾಪುರ, ಕಟ್ಟಿಸಂಗಾವಿಗಳ ಮೂಲಕ ಹೊನಗುಂಟಾಕ್ಕೆ ಬರುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಸೀನಾ ಉಕ್ಕಿ ಸೊಲ್ಲಾಪುರ ಜಿಲ್ಲೆ ಮುಳುಗಿದ ಬೆನ್ನಿಗೆ ಕಲಬುರಗಿಯ ಭೀಮಾ ತೀರವೂ ಮುಳುಗಿತು. ಇಲ್ಲಿ ಹೊತ್ತು ಸಾಕಷ್ಟಿದೆ, ದನಕರು, ಕಾಳುಕಡಿ, ಪಂಪ್‌ಸೆಟ್ ಸಾಗಿಸುವಷ್ಟು. ಆದರೆ ಸಂಗಮದ ಬಳಿಯ ಊರುಗಳಿಗೆ ಇನ್ನೊಂದು ತೊಡಕಿದೆ. ಭೀಮೆ ತುಂಬಿ ನಿಂತಾಗ ಕಾಗಿಣಾದ ನೀರು ಅದಕ್ಕೆ ಇಳಿಯಲಾರದೆ ಹಿಂದಕ್ಕೆ ಒತ್ತುತ್ತದೆ. ಕಾಗಿಣಾದಲ್ಲಿ ಸಾಧಾರಣ ಹರಿವಿದ್ದರೂ ಅಲ್ಲಿ ನೀರು ಏರುತ್ತದೆ. ಶಹಾಬಾದ್, ವಾಡಿ ಕಡೆಯವರು ಎರಡೂ ನದಿಗಳ ಅಂಕಿಗಳನ್ನು ಕೂಡಿಸಿ ಓದಬೇಕಾಗುತ್ತದೆ.

ಇಂಥ ಸಿದ್ಧತೆಯಿಂದ ಏನಾಗುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರ ಫೈಲಿನ್ ಕೂಡ ಅತಿ ತೀವ್ರ ಚಂಡಮಾರುತವೇ, ಆದರೆ ಸಾವು 50ರೊಳಗೆ ನಿಂತಿತು. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಉಪಗ್ರಹಗಳು ಸುಧಾರಿಸಿದವು ನಿಜ. ಅಷ್ಟೇ ಮುಖ್ಯವಾಗಿ, ಊರೂರಿನಲ್ಲಿ ಆಸರೆ ಕಟ್ಟಡಗಳೂ, ಯಾರು ಯಾರನ್ನು ಕರೆದೊಯ್ಯಬೇಕೆಂದು ಅಭ್ಯಾಸ ಮಾಡಿದ ಸ್ವಯಂಸೇವಕರೂ ಇದ್ದರು.

ನೆರೆಗೆ ಕನಿಷ್ಠ ಸದ್ದಿದೆ. ಬಿಸಿಲಿಗೆ ಅದೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ಈ ನೆಲದ ಬಿಸಿಲಿಗೆ ಸರ್ಕಾರ ಕೊಟ್ಟ ಮನ್ನಣೆ. ಖಣಿಯಲ್ಲಿ ಪರಶಿ, ಅಂದರೆ ಹಾಸುಗಲ್ಲು, ಎಬ್ಬಿಸುವವರಿಗೆ, ರೈಲ್ವೆ ಹಳಿಯ ಮೇಲೆ ಕೆಲಸ ಮಾಡುವವರಿಗೆ, ಸಿಮೆಂಟ್ ಚೀಲ ಹೊರುವವರಿಗೆ ಆ ವೇಳಾಪಟ್ಟಿ ಅನ್ವಯಿಸುವುದಿಲ್ಲ. ಬಯಲುಸೀಮೆಯಲ್ಲಿ ಉಷ್ಣ ಅಲೆ ಎಂದು ಘೋಷಿಸಲು ಹವಾಮಾನ ಇಲಾಖೆಯ ನಿಯಮ ಹೀಗಿದೆ: ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು, ಜೊತೆಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಡಿಗ್ರಿ ಮುಟ್ಟಿರಬೇಕು. ಮೇ ತಿಂಗಳಲ್ಲಿ ವಾಡಿಕೆಯೇ 40ನ್ನು ದಾಟುವ ಊರಿನಲ್ಲಿ 43, 44 ಡಿಗ್ರಿಯ ದಿನ ಈ ಜರಡಿಯಿಂದ ನುಸುಳಿಹೋಗುತ್ತದೆ. ಘೋಷಣೆ ಇಲ್ಲ ಎಂದಮಾತ್ರಕ್ಕೆ ದೇಹಕ್ಕೆ ರಿಯಾಯಿತಿ ಸಿಗುವುದಿಲ್ಲ. ಅಹಮದಾಬಾದ್ 2010ರ ಭೀಕರ ಬಿಸಿಲಿನ ನಂತರ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಉಷ್ಣ ಕ್ರಿಯಾಯೋಜನೆ ರೂಪಿಸಿತು. ಅಲ್ಲಿ ಎಚ್ಚರಿಕೆಯ ಮಟ್ಟವನ್ನು ಅದೇ ನಗರದ ಸಾವಿನ ದಾಖಲೆಗಳನ್ನು ತಾಪಮಾನದ ಜೊತೆ ಹೋಲಿಸಿ ನಿರ್ಧರಿಸಿದರು. ಶಹಾಬಾದ್, ವಾಡಿಗಳಂಥ ಕಾರ್ಮಿಕ ಊರುಗಳಿಗೂ ತಮ್ಮದೇ ಅಂಥ ಮಟ್ಟ ಬೇಕು.

ಬಿಸಿಲಿನ ದಿನ ದೇಹ ಉಳಿಯುವುದು ರಾತ್ರಿ ತಂಪಾದರೆ ಮಾತ್ರ. ಹಗಲೆಲ್ಲ ಕಾದ ಕಲ್ಲು, ಕಾಂಕ್ರೀಟು ರಾತ್ರಿಯಿಡೀ ಆ ಬಿಸಿಯನ್ನು ಒಳಗೆ ಕಕ್ಕುತ್ತದೆ. ಹಿಂದಿನ ಮಾಳಿಗೆಯಲ್ಲಿ ಪರಶಿಯ ಮೇಲೆ ದಪ್ಪ ಮಣ್ಣಿನ ಹೊದಿಕೆ ಇರುತ್ತಿತ್ತು, ಬಿಸಿ ಕೆಳಗಿಳಿಯುವುದು ತಡವಾಗುತ್ತಿತ್ತು. ಈಗ ಬಡವರ ತಲೆಯ ಮೇಲಿರುವುದು ತಗಡು. ತೆಳುವಾದ ಈ ತಗಡು ಹಗಲಿನಲ್ಲೇ ಒಳಗನ್ನು ಕುಲುಮೆ ಮಾಡುತ್ತದೆ. ಬಿಳಿ ಸುಣ್ಣ ಬಳಿದ ಮೇಲ್ಛಾವಣಿ ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ‘ತಂಪು ಛಾವಣಿ ನೀತಿ’ಯನ್ನೇ ತಂದಿದೆ. ನೆಲ ಅಗೆದರೆ ಸುಣ್ಣಕಲ್ಲು ಸಿಗುವ ಈ ತಾಲ್ಲೂಕುಗಳಲ್ಲಿ ಪ್ರತಿ ಮಾರ್ಚ್‌ನಲ್ಲಿ ತಾಂಡಾ, ಕಾರ್ಮಿಕರ ಓಣಿ, ಅಂಗನವಾಡಿಗಳ ಛಾವಣಿಗೆ ಸುಣ್ಣ ಬಳಿಯುವುದಕ್ಕಿಂತ ಅಗ್ಗದ ರಕ್ಷಣೆ ನನಗಂತೂ ತೋಚುತ್ತಿಲ್ಲ. ಮಳೆಗೆ ತೊಳೆದುಹೋದರೂ ನಷ್ಟವಿಲ್ಲ, ಅಷ್ಟರಲ್ಲಿ ಬ್ಯಾಸಗಿ ಕಳೆದಿರುತ್ತದೆ. ಇಲ್ಲಿಂದ ಸಾಗುವ ಸಿಮೆಂಟಿನ ಲಾಭದಲ್ಲಿ ಒಂದು ಪಾಲು ಸಾಮಾಜಿಕ ಹೊಣೆಗಾರಿಕೆಯ ಬಾಬ್ತಿಗೆ ಹೋಗಲೇಬೇಕೆಂಬ ಕಾನೂನಿದೆ. ಆ ಹಣ ಈ ಛಾವಣಿಗಳಿಗೆ ಬರಲಿ ಎಂದು ಗ್ರಾಮಸಭೆಗಳು ಕೇಳಬೇಕು.

ಸಿಡಿಲಿಗೆ ಸಿಗುವ ಹೊತ್ತು ತೀರಾ ಕಡಿಮೆ, ನಿಮಿಷಗಳದ್ದು. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಮೋಡ 10 ಕಿಲೋಮೀಟರ್ ಒಳಗಿದೆ ಎಂದರ್ಥ, ಕೂಡಲೇ ಪಕ್ಕಾ ಮನೆಯೊಳಗೆ ಹೋಗಬೇಕು. ‘ಸಿಡಿಲು’ ಎಂಬ ಮೊಬೈಲ್ ಆ್ಯಪ್ ಇದೆ. ಆದರೆ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸಿನ ಕೈಯಲ್ಲಿ ಮೊಬೈಲ್ ಇರುವುದಿಲ್ಲ, ಬಯಲಲ್ಲಿ ಕಾಣುವುದು ಒಂಟಿ ಬೇವಿನ ಮರ, ಅದೇ ಅತಿ ಅಪಾಯದ ಜಾಗ. ಹೊಲಗಳ ನಡುವೆ ಅಲ್ಲಲ್ಲಿ ಮಿಂಚುಬಂಧಕವಿರುವ ಸಣ್ಣ ಕಟ್ಟೆಮನೆಗಳು ಬೇಕು.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮನೆಯೊಳಗೆ ಮಲಗುವುದನ್ನು ಬಿಟ್ಟರು. ನೆಲದೊಳಗಿಂದ ಸ್ಫೋಟದಂಥ ಸದ್ದು, ಅದರ ಬೆನ್ನಿಗೆ ಕಂಪನ. ಒಂದೆರಡು ಸಲ ತೀವ್ರತೆ ರಿಕ್ಟರ್ ಮಾಪಕದಲ್ಲಿ 4ರ ಆಸುಪಾಸಿಗೆ ಹೋಯಿತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ನೆನಪಿಟ್ಟುಕೊಂಡ ಸೀಮೆ ಇದು. ಟ್ರ್ಯಾಕ್ಟರಿಗೆ ಸಾಮಾನು ಹೇರಿಕೊಂಡು ಊರು ಬಿಟ್ಟವರನ್ನು ಹೆದರುಪುಕ್ಕಲರೆಂದು ಯಾರೂ ಅನ್ನಬಾರದು. ಭೂಕಂಪವನ್ನು ಹವಾಮಾನದ ಬರಹಕ್ಕೆ ಯಾಕೆ ತಂದೆ ಎಂದರೆ, ಅಲ್ಲಿಗೆ ಹೋದ ವಿಜ್ಞಾನಿಗಳು ಕೊಟ್ಟ ವಿವರಣೆ ಮಳೆಗೇ ಮುಟ್ಟುತ್ತದೆ. ಭಾರಿ ಮಳೆಗಾಲದ ನಂತರ ನೀರು ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು ಒಳಗಿನ ಒತ್ತಡವನ್ನು ಬದಲಿಸುತ್ತದೆ, ಆಗ ಮೇಲುಪದರದಲ್ಲೇ ಸಣ್ಣ ಸಣ್ಣ ಜಾರುವಿಕೆಗಳಾಗುತ್ತವೆ. ಆಳ ಕಡಿಮೆಯಾದ್ದರಿಂದಲೇ ಸದ್ದು ಅಷ್ಟು ಜೋರು. ಕಂಪನಕ್ಕೆ ಮುನ್ಸೂಚನೆ ಸಾಧ್ಯವಿಲ್ಲ, ಕೈಯಲ್ಲಿರುವ ಹೊತ್ತು ಸೊನ್ನೆ. ಅಂಥ ಅಪಾಯಕ್ಕೆ ಯೋಜನೆಯನ್ನು ಗೋಡೆಯಲ್ಲೇ ಕಟ್ಟಬೇಕು. ಮಣ್ಣಿನಲ್ಲಿ ಕೂರಿಸಿದ ಕಲ್ಲಿನ ಗೋಡೆ, ಮೇಲೆ ಭಾರದ ಪರಶಿ ಇರುವ ಮನೆಗೆ ಕಿಟಕಿ, ಬಾಗಿಲುಗಳ ಮೇಲ್ಮಟ್ಟದಲ್ಲಿ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ ಕೊಟ್ಟರೆ ಗೋಡೆಗಳು ಬೇರೆ ಬೇರೆಯಾಗಿ ಬೀಳುವುದಿಲ್ಲ. ವಸತಿ ಯೋಜನೆಯ ಪ್ರತಿ ಮನೆಗೂ ಇದು ಕಡ್ಡಾಯವಾಗಬೇಕು.

ಬರಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತಿದೆ, ತಿಂಗಳುಗಟ್ಟಲೆ. ಅದಕ್ಕೇ ನಾವು ಅದನ್ನು ಹೆಚ್ಚು ಹಾಳುಮಾಡುತ್ತೇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಹಿಂದಿನ ವರ್ಷ ಇಲ್ಲಿನ ರೈತರನ್ನು ಕಾಡಿದ್ದು ಬೇರೊಂದು: ಅತಿಯಾದ ತೇವ, ಅದರ ಬೆನ್ನಿಗೆ ಒಣಹವೆ, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿದ ತೊಗರಿ. ‘ನೆಟೆ ರೋಗ’ ಎಂದು ಎಲ್ಲರ ಬಾಯಲ್ಲಿದ್ದ ಆ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡಬೇಕಾಯಿತು. ನೀರು ಹೆಚ್ಚಾದರೂ ಕಡಿಮೆಯಾದರೂ ಪೆಟ್ಟು ತಿನ್ನುವುದು ಅದೇ ಹೊಲ. ಬದುವಿನ ಗುಂಟ ನೀರು ಹೊರಹಾಕುವ ಕಾಲುವೆ, ಆ ನೀರನ್ನೇ ಹಿಡಿದಿಡುವ ಕೃಷಿಹೊಂಡ, ಎರಡನ್ನೂ ಜೋಡಿಯಾಗಿ ಮಾಡಿಸಿದರೆ ಒಂದೇ ಖರ್ಚಿನಲ್ಲಿ ಎರಡೂ ಬಗೆಯ ವರ್ಷಗಳಿಗೆ ಉತ್ತರ ಸಿಗುತ್ತದೆ.

ಶಹಾಬಾದ್, ವಾಡಿ, ಚಿತ್ತಾಪುರಗಳ ಸುತ್ತ ಕಲ್ಲು ತೆಗೆದು ಬಿಟ್ಟ ಖಣಿಗಳಿವೆ. ಮಳೆಗಾಲದಲ್ಲಿ ತುಂಬುತ್ತವೆ, ಈಜಲು ಹೋದ ಮಕ್ಕಳನ್ನು ನುಂಗುತ್ತವೆ, ಬ್ಯಾಸಗಿಯಲ್ಲೂ ಕೆಲವದರಲ್ಲಿ ನೀರು ಉಳಿಯುತ್ತದೆ. ಯಾವ ಖಣಿಯಲ್ಲಿ ಮೇ ತಿಂಗಳಲ್ಲಿ ಎಷ್ಟು ನೀರಿರುತ್ತದೆ, ಗುಣ ಹೇಗಿದೆ, ಅಂಚಿಗೆ ಬೇಲಿ ಇದೆಯೇ ಎಂಬ ಲೆಕ್ಕವನ್ನು ಪುರಸಭೆಗಳು ಇಟ್ಟರೆ ಬರದ ವರ್ಷ ದನಗಳಿಗೆ, ಗಿಡಗಳಿಗೆ ಟ್ಯಾಂಕರಿಗಾಗಿ ಕಾಯುವುದು ಕಡಿಮೆಯಾದೀತು. ಬೇಲಿಯನ್ನಂತೂ ಮೊದಲು ಹಾಕಬೇಕು.

ಈ ಎಲ್ಲ ಲೆಕ್ಕಕ್ಕೆ ಸೇರಬೇಕಾದ ಇನ್ನೊಂದು ಪಟ್ಟಿ ಇದೆ, ಬಹುತೇಕ ಯೋಜನೆಗಳಲ್ಲಿ ಅದು ಇರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಚಿಂಚೋಳಿ, ಸೇಡಂ, ಚಿತ್ತಾಪುರಗಳ ತಾಂಡಾಗಳಿಂದ ದುಡಿಯುವ ವಯಸ್ಸಿನವರು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಮುಂಗಾರಿಗೆ ಮರಳುತ್ತಾರೆ. ನೆರೆ ಬರುವ ಸೆಪ್ಟೆಂಬರ್‌ನಲ್ಲಿ ಊರಲ್ಲಿ ಎತ್ತುವ ಕೈಗಳಿರುತ್ತವೆ. ಬಿಸಿಲು 44 ಮುಟ್ಟುವ ಮೇ ತಿಂಗಳಲ್ಲಿ ತಗಡಿನ ಕೆಳಗೆ ಉಳಿದಿರುವವರು ಅಜ್ಜ, ಅಜ್ಜಿ ಮತ್ತು ಮೊಮ್ಮಕ್ಕಳು. ಆಗ ಅವರ ಬಾಗಿಲಿಗೆ ಮಧ್ಯಾಹ್ನ ಮೂರಕ್ಕೊಮ್ಮೆ ಹೋಗಿ, ನೀರು ಕುಡಿದಿರಾ, ತಲೆ ಸುತ್ತುತ್ತಿದೆಯೇ ಎಂದು ಕೇಳುವವರು ಯಾರು ಎಂಬುದನ್ನು ಹೆಸರು ಹಿಡಿದು ಬರೆದಿಡಬೇಕು. ಹೀಗೆ ಹೋಗಿಬರುವವರಿಗೆ ಕೂಲಿಯನ್ನೂ ಪಂಚಾಯಿತಿಯ ವಾರ್ಷಿಕ ಕ್ರಿಯಾಯೋಜನೆಯಲ್ಲೇ ತೆಗೆದಿರಿಸಬೇಕು, ಸುಣ್ಣ ಬಳಿಯುವ ಮಾರ್ಚ್‌ಗೆ ಮೊದಲೇ.